ಎರಡು ಸಂತೆಯ ಹೋರಿ

ಮಜ್ಜಿಗೆಯ ವಿಷಯದಲ್ಲಿ ನನಗೆ ನನ್ನ ಮೇಲೇ ನಂಬಿಕೆ ಇಲ್ಲ. ಈ ಕತೆಯನ್ನು ಹತ್ತಾರು ಸಲ ಹೇಳಿದ್ದೇನೆ. ಮಜ್ಜಿಗೆ ಬರುವ ಹೊತ್ತಿಗೆ ಕೇಳುವವರು ತಪ್ಪದೆ ನಗುತ್ತಾರೆ. ಜನ ನಕ್ಕ ಜಾಗದಲ್ಲಿ ನೆನಪು ಗಟ್ಟಿಯಾಗುತ್ತ ಹೋಗುತ್ತದೆ, ನಗದ ಜಾಗದಲ್ಲಿ ಉದುರುತ್ತದೆ ಎಂಬುದು ನನ್ನ ಅನುಮಾನ. ಮೊದಮೊದಲು ಒಂದು ಲೋಟ ಇದ್ದ ಮಜ್ಜಿಗೆ ಆಮೇಲೆ ತಂಬಿಗೆಯಾಯಿತು. ಯಾರದೋ ಮದುವೆಯ ಪಂಕ್ತಿಯಲ್ಲಿ ಹೇಳುವಾಗ ಅದು ಕೊಡದವರೆಗೆ ಹೋಗಿ ನಿಂತಿತ್ತು. ನಿಪ್ಪಾಣಿಯ ಆ ಮಧ್ಯಾಹ್ನ ಒಬ್ಬ ಕಬಡ್ಡಿ ಆಟಗಾರ ನಿಜವಾಗಿ ಹೊಟ್ಟೆ ಬಿರಿಯುವಷ್ಟು ಮಜ್ಜಿಗೆ ಕುಡಿದು ತೂಕದ ಯಂತ್ರ ಹತ್ತಿದನೋ, ಇಲ್ಲ ನಾನೇ ಅವನಿಗೆ ಆಮೇಲೆ ಕುಡಿಸಿದೆನೋ, ಆಣೆ ಮಾಡಿ ಹೇಳಲಾರೆ. ಉಳಿದದ್ದನ್ನು ಆದಷ್ಟು ಇದ್ದಂತೆಯೇ ಬರೆಯುತ್ತೇನೆ. ಆದಷ್ಟು.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಎರಡು ಕಾಲೇಜುಗಳಲ್ಲಿ ಪಾಠ ಹೇಳಿ, ಎರಡನ್ನೂ ಬಿಟ್ಟು ಚಿಕ್ಕೋಡಿಯ ಮನೆಯಲ್ಲಿ ಕೂತಿದ್ದೆ. ಒಂದೇ ಕುರ್ಚಿಯಲ್ಲಿ ಬಹಳ ವರ್ಷ ಕೂರುವುದು ನನ್ನಿಂದ ಆಗಿಲ್ಲ. ಆಗ ಒಂದು ವೃತ್ತಿಪರ ಕಬಡ್ಡಿ ತಂಡದವರು ಕರೆದರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಲ್ಲಿ ಕಾಲೇಜು ಆಟಗಾರರ ಪಂದ್ಯ ನೋಡಬೇಕು, ಒಬ್ಬೊಬ್ಬನಿಗೂ ಅಂಕ ಹಾಕಬೇಕು, ಯಾರನ್ನು ತೆಗೆದುಕೊಳ್ಳಬಹುದೆಂದು ವರದಿ ಕೊಡಬೇಕು. ವರ್ಷಕ್ಕೊಮ್ಮೆ ಎಲ್ಲ ತಂಡಗಳೂ ಒಂದೆಡೆ ಕೂತು ಹೊಸಬರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಒಬ್ಬರು ಎತ್ತಿಕೊಂಡವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಿಂದಿನ ವರ್ಷ ಚೆನ್ನಾಗಿ ಆಡಿದವರಿಗೆ ಸರದಿ ಕೊನೆಗೆ. ನಮ್ಮ ತಂಡ ಬಹಳ ಚೆನ್ನಾಗಿ ಆಡಿತ್ತು, ಅಂದರೆ ಎಲ್ಲರೂ ಉಂಡೆದ್ದ ಮೇಲೆ ನಾವು ಎಲೆ ಹಾಕಿಕೊಳ್ಳಬೇಕಿತ್ತು. ಇಪ್ಪತ್ತೆರಡು ವರ್ಷ ದಾಟಿದವನ ಹೆಸರು ಆ ಪಟ್ಟಿಗೆ ಬರುವುದಿಲ್ಲ ಎಂಬುದು ಇನ್ನೊಂದು ನಿಯಮ.

ನನಗಿಂತ ಮೊದಲೇ ತಂಡದವರು ಇನ್ನೊಬ್ಬರನ್ನು ಇಟ್ಟುಕೊಂಡಿದ್ದರು. ರಾಯಬಾಗ ಕಡೆಯ ಹಳ್ಳಿಯವರು. ಹರೆಯದಲ್ಲಿ ಕಬಡ್ಡಿ ಆಡಿ ಎಡಭುಜದ ಎಲುಬು ಮುರಿದುಕೊಂಡವರು. ಆಮೇಲೆ ಮೂವತ್ತು ವರ್ಷ ದನದ ಸಂತೆಗಳಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ವ್ಯವಹಾರ ಕುದುರಿಸಿ, ಈಗ ಮನೆಯಲ್ಲಿ ಎಮ್ಮೆ ಕಟ್ಟಿಕೊಂಡಿದ್ದರು. ಊರಿಗೆಲ್ಲ ಅವರು ಕಾಕಾ. ನನಗೂ ಕಾಕಾ ಆದರು. ಅವರು ನನ್ನನ್ನು ಮಾಸ್ತರ ಎಂದರು. ಮಾಸ್ತರಿಕೆ ಬಿಟ್ಟಿದ್ದೇನೆ ಎಂದು ಹೇಳಿ ನೋಡಿದೆ.

"ಬಿಟ್ರೇನಾತು? ಹುಬ್ಬ ಇನ್ನೂ ಮಾಸ್ತರಂದ ಐತಿ" ಎಂದರು.

ನಮ್ಮ ಮೊದಲ ಪಂದ್ಯ ಅಥಣಿಯ ಒಂದು ಕಾಲೇಜು ಮೈದಾನದಲ್ಲಿ. ನಾನು ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಕಾಕಾ ಮಾತ್ರ ಗೇಟಿನ ಹತ್ತಿರ, ಆಟಗಾರರ ಟೆಂಪೊ ಬಂದು ನಿಲ್ಲುವ ಕಡೆ ಹೋಗಿ ನಿಂತಿದ್ದರು.

"ಆಟ ಇಲ್ಲಿ ಐತ್ರಿ ಕಾಕಾ. ಅಲ್ಲೇನ ನೋಡಾಕತ್ತೀರಿ?"

"ಇಳ್ಯೂದು ನೋಡಾಕತ್ತೇನಿ. ಗಾಡ್ಯಾಗಿಂದ ಇಳಿಯುವಾಗ ಹೋರಿ ಸುಳ್ಳ ಹೇಳೂದಿಲ್ಲ."

ನನ್ನ ಹಾಳೆಯಲ್ಲಿ ಇಪ್ಪತ್ತಾರು ಕಲಮುಗಳಿದ್ದವು. ಎಷ್ಟು ಸಲ ರೇಡಿಗೆ ಹೋದ, ಎಷ್ಟು ಸಲ ಮುಟ್ಟಿ ಬಂದ, ಯಾವ ಕಡೆಗೆ ಹೆಚ್ಚು ವಾಲುತ್ತಾನೆ, ಹಿಡಿಯಲು ಹೋದಾಗ ಕೈ ಮೊದಲೋ ಕಾಲು ಮೊದಲೋ. ಟೆಂಪೊದಿಂದ ಇಳಿಯುವುದಕ್ಕೆ ಕಲಮು ಇರಲಿಲ್ಲ. ಆ ದಿನ ನನ್ನ ಗಮನಕ್ಕೆ ಬಂದವನು ಏಳು ನಂಬರಿನ ರೇಡರ್. ಡಿಗ್ರಿಯ ಕೊನೆಯ ವರ್ಷ, ಐಗಳಿಯವನು, ಮನೆಯಲ್ಲಿ ದ್ರಾಕ್ಷಿ ತೋಟ. ಕೆಟ್ಟದಾಗೇನೂ ಆಡಲಿಲ್ಲ. ಅಷ್ಟರಲ್ಲಿ ಪಕ್ಕಕ್ಕೆ ಬಂದು ಕೂತಿದ್ದ ಕಾಕಾನ ಕಡೆ ಬಾಗಿ, "ಏಳು ನಂಬರ್ ನೋಡ್ರಿ" ಎಂದೆ.

"ಅವನೇನ ನೋಡ್ತಿ? ಒಂಬತ್ತನೇದವನ ತೊಡಿ ನೋಡು, ತೊಡಿ!" ಎಂದು ಕಾಕಾ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು. ಹಿಂದಿನ ಸಾಲಿನಲ್ಲಿ ನಮ್ಮ ಹಾಗೆಯೇ ಬೇರೆ ಎರಡು ತಂಡಗಳಿಂದ ಬಂದವರಿದ್ದರು. ಅವರೂ ತಿರುಗಿ ಒಂಬತ್ತನೆಯವನ ತೊಡೆಯನ್ನು ನೋಡತೊಡಗಿದರು. ನಾನೂ ನೋಡಿದೆ. ದೊಡ್ಡ ತೊಡೆಯೇ. ಅದರಿಂದ ಆಟಕ್ಕೆ ಏನೂ ಉಪಯೋಗವಾದಂತೆ ಕಾಣಲಿಲ್ಲ.

ಏಳು ನಂಬರಿನವನ ಸಾಲಿನ ಕೊನೆಯಲ್ಲಿ, ಷರಾ ಕಲಮಿನಲ್ಲಿ ಹೀಗೆ ಬರೆದೆ: 'ಬಿದ್ದು ಎದ್ದ ಮೇಲೆ ಬಲಗಾಲನ್ನು ಎರಡು ಸಲ ಝಾಡಿಸುತ್ತಾನೆ. ಹಳೆಯ ನೋವಿರಬಹುದು.' ಒಂದು ಅಂಕ ಕಡಿಮೆ ಮಾಡಿದೆ. ಎಲ್ಲ ಪಂದ್ಯ ನೋಡಿ ಮುಗಿದಾಗ ಐದು ತಾಲ್ಲೂಕುಗಳ ಪಟ್ಟಿಯಲ್ಲಿ ಅವನು ಹದಿನಾಲ್ಕನೆಯವನಾದ.

ಹತ್ತೋ ಹದಿನೈದೋ ದಿನಗಳ ಮೇಲೆ ಸದಲಗಾದಲ್ಲಿ ಊರೂರುಗಳ ಪಂದ್ಯಾವಳಿ ಇತ್ತು. ದೂಧಗಂಗೆಯ ಎರಡೂ ದಂಡೆಯ ತಂಡಗಳು ಬರುತ್ತವೆ. ಬೈಗುಳ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತವೆ. ಕಾಲೇಜು ಆಟಗಾರರಲ್ಲದವರನ್ನೂ ಒಂದು ಸಲ ನೋಡಿ ಬನ್ನಿ ಎಂದು ತಂಡದವರು ಹೇಳಿದ್ದರಿಂದ ಹೋಗಿದ್ದೆವು. ಅಥಣಿಯಲ್ಲಿ ನಮ್ಮ ಹಿಂದೆ ಕೂತಿದ್ದವರೂ ಬಂದಿದ್ದರು. ಆಚೆ ದಂಡೆಯ ಒಂದು ಊರಿನವರು ಬೆಳಗಿನ ಪಂದ್ಯ ಗೆದ್ದ ಖುಷಿಯಲ್ಲಿ ಗುಲಾಲು ಬಳಿದುಕೊಂಡು, ಅದೇ ಮುಖದಲ್ಲಿ ಮಧ್ಯಾಹ್ನದ ಪಂದ್ಯಕ್ಕೂ ಇಳಿದರು. ಏಳು ಜನಕ್ಕೂ ಒಂದೇ ಗುಲಾಬಿ ಮುಖ. ನಾನು ಮುಖ ನೋಡುವವನಲ್ಲ, ಕಾಲು ನೋಡುವವನು ಎಂದು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವರ ಎರಡು ನಂಬರಿನವನು ಎಡಗಡೆಯ ಕಾರ್ನರ್. ಸಾಲಿನ ತುದಿಯಲ್ಲಿ ನಿಂತು, ಬಂದವನ ಹಿಮ್ಮಡಿಗೆ ಬೀಳುವ ಕೆಲಸ. ಐದು ಜನರನ್ನು ಹಿಡಿದ. ಪ್ರತಿ ಸಲ ಅವನು ಹಿಡಿದಾಗಲೂ ಕಾಕಾ ಅಂಕಣಕ್ಕೆ ಬೆನ್ನು ತಿರುಗಿಸಿ ಶೇಂಗಾ ಮಾರುವವನ ಜೊತೆ ಮಾತಿಗೆ ನಿಲ್ಲುತ್ತಿದ್ದರು. ವಯಸ್ಸಾಯಿತು, ಗಮನ ಹರಿದುಹೋಗುತ್ತದೆ ಎಂದು ನನಗೆ ಕನಿಕರವಾಯಿತು. ಆ ಕಾರ್ನರ್‌ನನ್ನು ಒಂದೇ ಪಂದ್ಯದಲ್ಲಿ ನೋಡಿದ್ದರಿಂದ ಹನ್ನೊಂದನೆಯ ಸ್ಥಾನಕ್ಕಿಂತ ಮೇಲಿಡಲು ನನ್ನ ವಿದ್ಯೆ ಒಪ್ಪಲಿಲ್ಲ. ಷರಾ: 'ಎದ್ದ ಮೇಲೆ ಬಲಗಾಲು ಝಾಡಿಸುತ್ತಾನೆ, ಎರಡು ಸಲ. ನೋವು?' ಇವನಿಗೂ ಒಂದು ಅಂಕ ಕಡಿಮೆ.

ಇಷ್ಟಕ್ಕೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಒಂದೇ ಪ್ರದೇಶದ ಇಬ್ಬರಲ್ಲಿ ಒಂದೇ ದೋಷ ಕಂಡಾಗ ಓದಿದವನಿಗೆ ಸುಮ್ಮನಿರಲು ಆಗುವುದಿಲ್ಲ. ವರದಿಯಲ್ಲಿ ಒಂದು ಇಡೀ ಪ್ಯಾರಾ ಬರೆದೆ: ಈ ಭಾಗದ ಗಟ್ಟಿ ನೆಲದಲ್ಲಿ ಆಡುವುದರಿಂದ ಆಟಗಾರರಲ್ಲಿ ಬಲಗಾಲಿನ ತೊಂದರೆ ಸಾಮಾನ್ಯವಾಗಿರಬಹುದು, ಈ ಕುರಿತು ಹೆಚ್ಚಿನ ಅಧ್ಯಯನ ಆಗಬೇಕು.

ತಂಡದ ಕೋಚ್ ಮೈಸೂರು ಕಡೆಯವರು. ಕಡಿಮೆ ಮಾತು. ಫೋನಿನಲ್ಲಿ ಕೇಳಿದರು: "ನಮ್ಮ ಸರದಿ ಬರೋ ಹೊತ್ತಿಗೆ ಒಳ್ಳೇ ರೇಡರ್‌ಗಳೂ ಹೋಗಿರ್ತಾರೆ, ಒಳ್ಳೇ ಕಾರ್ನರ್‌ಗಳೂ ಹೋಗಿರ್ತಾರೆ. ಎರಡೂ ಮಾಡೋನು ಒಬ್ಬ ಸಿಕ್ಕಿದ್ರೆ ಸಾಕು ನನಗೆ. ನಿಮ್ಮ ಕಡೆ ಯಾರೂ ಇಲ್ವಾ?"

"ಹಾಳೆ ನೋಡಿದರೆ ಇಲ್ಲ ಸರ್."

"ಹಾಳೆ ಬಿಟ್ಟು ನೋಡಿದ್ರೆ?"

ಹಾಳೆ ಬಿಟ್ಟು ನೋಡುವುದಾದರೆ ನಾನೇಕೆ ಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮೊದಲ ಇಪ್ಪತ್ತು ಜನರನ್ನು ನಿಪ್ಪಾಣಿಗೆ ಕರೆಸಿ, ಖುದ್ದು ನೋಡಿ, ಯಾರ ಹೆಸರು ಹಿಡಿಯಬೇಕೆಂದು ಕೋಚ್ ತೀರ್ಮಾನಿಸುವುದೆಂದಾಯಿತು. ಆ ದಿನದ ನಿಯಮಗಳನ್ನು ನಾನೇ ಮಾಡಿದೆ. ಬೆಳಿಗ್ಗೆ ರೇಡರ್‌ಗಳು, ಮಧ್ಯಾಹ್ನ ಹಿಡಿಯುವವರು. ಎರಡೂ ಗುಂಪಿಗೆ ಆಟಕ್ಕೆ ಮೊದಲು ಎತ್ತರ, ತೂಕ. ಯಾವ ಗುಂಪಿನ ಪಟ್ಟಿಯಲ್ಲಿ ಹೆಸರಿದೆಯೋ ಅದರಲ್ಲಿ ಮಾತ್ರ ಮ್ಯಾಟ್ ಹತ್ತಬೇಕು. ಪಟ್ಟಿಯಲ್ಲಿಲ್ಲದವನು ಯಾರೇ ಆಗಲಿ, ಹೊರಗೆ. ಈ ಕೊನೆಯದು ಶಿಫಾರಸ್ಸಿನ ಚೀಟಿ ಹಿಡಿದು ಬರುವ ಸೋದರಳಿಯಂದಿರನ್ನು ತಡೆಯಲು. ಅಂಥ ಬಿಗಿಯಾದ ನಿಯಮ ಮಾಡಿದ್ದಕ್ಕೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮ್ಯಾಟ್ ಹಾಸಿದ್ದು ತಂಬಾಕು ಕೂಡಿಡುವ ಒಂದು ವಖಾರಿಯ ಪಕ್ಕದ ಬಯಲಲ್ಲಿ. ಘಾಟಿಗೆ ಕೋಚ್ ಬೆಳಗಿನಿಂದಲೇ ಸೀನುತ್ತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಅಥಣಿಯ ಆ ಕಾಲೇಜಿನ ಪಿಟಿ ಸರ್ ಬಂದು ಕೂತಿದ್ದರು, ತಮ್ಮ ನಾಲ್ವರು ರೇಡರ್‌ಗಳನ್ನು ಕರೆದುಕೊಂಡು. ಕಾಲೇಜಿನ ಒಪ್ಪಿಗೆ ಪತ್ರವಿಲ್ಲದೆ ಯಾವ ಕಾಲೇಜು ಆಟಗಾರನ ಹೆಸರೂ ಡ್ರಾಫ್ಟಿಗೆ ಹೋಗುವುದಿಲ್ಲ. ನಾಲ್ಕು ಪತ್ರಗಳೂ ಅವರ ಅಂಗಿಯ ಜೇಬಿನಲ್ಲಿ ಮಡಚಿಕೊಂಡಿದ್ದವು. ಸಹಿ ಇನ್ನೂ ಆಗಿರಲಿಲ್ಲ.

ನಾನೂ ಕಾಕಾನೂ ಬಯಲಿನ ಅಂಚಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದೆವು. ಮಧ್ಯಾಹ್ನದ ಪಟ್ಟಿ ತೆರೆದು, "ಆಚೆ ದಂಡಿ ಕಾರ್ನರ್ ಇನ್ನೂ ಬಂದಿಲ್ಲರಿ" ಎಂದೆ.

"ಬಂದಾನಲ್ಲ."

"ಎಲ್ಲಿ?"

"ಅಗಾ, ರೇಡ್ ಹೊಡ್ಯಾಕತ್ತಾನ ನೋಡು."

"ಅಂವ ಐಗಳಿಯಾಂವ ಅಲ್ರಿ? ಏಳು ನಂಬರ್?"

ಕಾಕಾ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ಹೋರಿ ಎರಡು ಸಂತಿಗೆ ಬಂತಂದ್ರ ಎರಡು ಹೋರಿ ಆಗ್ತೈತೇನೋ ಮಾಸ್ತರ?"

ನಾನು ಮ್ಯಾಟಿನ ಕಡೆ ತಿರುಗಿದೆ. ಏಳು ನಂಬರಿನವನು ನಾಲ್ಕು ಜನರ ಕೆಳಗಿನಿಂದ ಜಾರಿ ಗೆರೆ ಮುಟ್ಟಿ ಎದ್ದ. ಬಲಗಾಲನ್ನು ಎರಡು ಸಲ ಝಾಡಿಸಿದ. ಲ್ಯಾಪ್‌ಟಾಪಿನಲ್ಲಿ ಷರಾ ಕಲಮನ್ನು ಹುಡುಕಿದೆ. ಎರಡು ಸಾಲು, ನಡುವೆ ಇಬ್ಬರೇ ಬೇರೆಯವರು, ಒಂದೇ ಬಲಗಾಲು. ಕೋಚ್ ಕೇಳಿದ, ರೇಡೂ ಮಾಡುವ, ಹಿಡಿಯಲೂ ಬರುವ ಆಟಗಾರ ನನ್ನ ಪಟ್ಟಿಯಲ್ಲೇ ಇದ್ದ. ಅವನನ್ನು ನಡುವೆ ಸೀಳಿ, ಎರಡೂ ಹೋಳಿಗೆ ಕಡಿಮೆ ಅಂಕ ಹಾಕಿ, ಮೇಲಿಂದ ನೆಲದ ಗಟ್ಟಿತನದ ಬಗ್ಗೆ ಪ್ರಬಂಧ ಬರೆದಿದ್ದೆ.

"ನಿಮಗ ಯಾವಾಗಿಂದ ಗೊತ್ತಿತ್ರಿ?"

"ಸದಲಗಾದಾಗ ಮೊದಲನೇ ಸಲಾ ಎದ್ದು ನಿಂತಾಗ."

"ನನಗ್ಯಾಕ ಹೇಳಲಿಲ್ಲ ಮತ್ತ?"

"ಸಂತ್ಯಾಗ ಛಲೋ ಹೋರಿ ಕಂಡ್ರ ಅದರ ಬಾಲ ಹಿಡದು ಕುಣೀತಾರೇನು? ಪಕ್ಕದ ಮುದಿ ಎತ್ತಿನ ಹಲ್ಲ ಎಣಿಸಿಕೋತ ನಿಂದರಬೇಕು. ಹಿಂದ ಕುಂತಾವ್ರು ಕಣ್ಣ ನಿನ್ನ ಮ್ಯಾಲ ಇಟ್ಟಿದ್ರು. ನಿನ್ನ ಮಾರಿ ಅಂತೂ ಬೀದಿ ದೀಪ. ಹೇಳಿದ್ರ ಹತ್ತಿಬಿಡ್ತಿತ್ತು."

ಬೆಳಗಿನ ಸರದಿ ಮುಗಿದ ಕೂಡಲೇ ಐಗಳಿಯ ಆಟಗಾರ ನಮ್ಮ ಹತ್ತಿರ ಬಂದ. ಅವನ ಹಿಂದೆ ಅವನದೇ ವಯಸ್ಸಿನ, ದಪ್ಪನೆಯ, ನಗುಮುಖದ ಇನ್ನೊಬ್ಬ. ಕಾಕಾ ಆಗಲೇ ಆಟಗಾರನಿಗೆ ಸೂಚನೆ ಕೊಟ್ಟಿದ್ದಿರಬೇಕು. ನೇರವಾಗಿ ನನ್ನ ಮುಂದೆ ನಿಂತು ಕೈ ಮುಗಿದ.

"ತಪ್ಪಾಗೈತ್ರಿ ಸರ್. ನಮ್ಮ ಮಾಮಾನ ಊರಾಗ ಕಾರ್ನರ್ ಇರಲಿಲ್ಲರಿ. ಹೊರಗ ಆಡಿದ್ರ ಕಾಲೇಜ್ ಟೀಮಿಂದ ತೆಗೀತೇನಿ ಅಂತ ಪಿಟಿ ಸರ್ ಆರ್ಡರ್ ಐತ್ರಿ. ಅದಕ್ಕ ಇವನ ಹೆಸರಿನ ಮ್ಯಾಲ ಆಡಿದೆ."

"ಹೆಸರ ನಂದು, ಆಟ ಇವಂದು" ಎಂದ ದಪ್ಪನೆಯವನು, ಮಾಮಾನ ಮಗ. "ನಾ ಟ್ರ್ಯಾಕ್ಟರ್ ಹೊಡೀತೇನ್ರಿ. ಆದ್ರ ಟ್ರಾಯಲ್ಸಿಗೆ ಬಾ ಅಂತ ಮೆಸೇಜ್ ನನಗ ಬಂತು ನೋಡ್ರಿ." ಫೋನ್ ತೆಗೆದು ತೋರಿಸಿದ. ಸ್ಕ್ರೀನಿನ ಮೇಲೆ ಅದನ್ನೇ ಚಿತ್ರ ಮಾಡಿ ಇಟ್ಟುಕೊಂಡಿದ್ದ.

"ಸುಮ್ಕಿರಲೇ" ಎಂದು ಆಟಗಾರ ಅವನ ಕೈ ಕೆಳಗಿಳಿಸಿದ. "ಪಿಟಿ ಸರ್‌ಗೆ ಗೊತ್ತಾದ್ರ ಪತ್ರ ಕೊಡೂದಿಲ್ಲರಿ. ಪತ್ರ ಇಲ್ಲಂದ್ರ ಹೆಸರಿಲ್ಲ. ಮುಂದಿನ ವರ್ಷ ನನ್ನ ವಯಸ್ಸ ದಾಟತೈತಿ. ಇದೊಂದ ಸಲಾನ ಇರೂದರಿ ನನಗ."

ರೇಡರ್ ಆಗಿ ಮಾತ್ರ ಉಳಿದರೆ ಅವನಿಗೆ ಅವಕಾಶವಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕನೆಯ ಸ್ಥಾನ ಕೊಟ್ಟವನೇ ನಾನು. ಬೆಳಿಗ್ಗೆಯೂ ಅವನು ಹದಿನಾಲ್ಕನೆಯವನ ಹಾಗೆಯೇ ಆಡಿದ್ದ. ಕೋಚ್ ಕಿವಿಯಲ್ಲಿ ನಿಜ ಹೇಳಿಬಿಡೋಣ ಎಂದೆ. ಕೋಚ್ ಕಿವಿಗೂ ಪಿಟಿ ಸರ್ ಕಿವಿಗೂ ನಡುವೆ ಒಂದು ಗೇಣು. ಇವನೇ ಮಧ್ಯಾಹ್ನವೂ ಕಾರ್ನರ್ ಆಡಲಿ ಎಂದೆ. "ಪಟ್ಟ್ಯಾಗ ಇಲ್ಲದಾಂವ ಮ್ಯಾಟ್ ಹತ್ತಂಗಿಲ್ಲ ಅಂತ ಯಾರೋ ಶ್ಯಾಣ್ಯಾ ಬರದಾನಲ್ಲ" ಎಂದರು ಕಾಕಾ.

ಪಟ್ಟಿಯಲ್ಲಿದ್ದದ್ದು ಟ್ರ್ಯಾಕ್ಟರ್ ಹೊಡೆಯುವವನ ಹೆಸರು.

ಇಲ್ಲಿಂದ ಮುಂದೆ ನಾನು ಏನು ಮಾಡಿದೆ ಎನ್ನುವುದಕ್ಕಿಂತ ಏನನ್ನು ತಡೆಯಲಿಲ್ಲ ಎನ್ನುವುದು ಮುಖ್ಯ. ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಪಿಟಿ ಸರ್ ಹತ್ತಿರ ಹೋದರು. ನಾಲ್ವರೂ ಹುಲಿಗಳು, ಇಂಥ ಶಿಸ್ತು ಈ ಜಿಲ್ಲೆಯಲ್ಲೇ ಕಂಡಿಲ್ಲ, ಎಲ್ಲ ನಿಮ್ಮ ಬೆವರು ಎಂದು ಹತ್ತು ನಿಮಿಷ ಮಾತಾಡಿದರು. ಹನ್ನೊಂದನೆಯ ನಿಮಿಷಕ್ಕೆ ಜೇಬಿನಿಂದ ನಾಲ್ಕೂ ಪತ್ರ ಹೊರಬಂದವು. ಸಹಿಯಾದವು. ಕಾಕಾ ಅವನ್ನು ತಾವೇ ಕೋಚ್ ಕೈಗೆ ಮುಟ್ಟಿಸಿದರು.

"ಇಲ್ಲೇ ಅಕ್ಕೋಳದಾಗ ನನ್ನ ಮಗಳ ಮನಿ ಐತ್ರಿ. ಬಿಸಿ ರೊಟ್ಟಿ, ಝುಣಕಾ ಮಾಡ್ಯಾಳ. ಬರ್ರಿ."

"ಮಧ್ಯಾಹ್ನ ಡಿಫೆಂಡರ್ಸ್ ನೋಡಬೇಕಲ್ರಿ."

"ಅದರಾಗ ನಿಮ್ಮವ್ರು ಯಾರೂ ಇಲ್ಲರಿ. ಮಂದಿ ಮಕ್ಕಳ ಸಲುವಾಗಿ ಯಾಕ ಉಪಾಸ ಇರ್ತೀರಿ?"

ಪಿಟಿ ಸರ್ ಎದ್ದರು. ಹೋಗುವ ಮುನ್ನ ಕಾಕಾ ಒಂದು ನಿಮಿಷ ವಖಾರಿಯ ಹಿಂದೆ ಬಂದರು. ನನಗೆ ನೆನಪಿರುವುದು ಇದು: ಅವರ ಕೈಯಲ್ಲಿ ಮನೆಯಿಂದ ಮಜ್ಜಿಗೆ ತುಂಬಿ ತಂದ ಅಲ್ಯೂಮಿನಿಯಂ ಕ್ಯಾನು. "ಎತ್ತರ ಮುಚ್ಚಾಕ ಬರೂದಿಲ್ಲ. ತೂಕರ ಬ್ಯಾರೆ ಆಗಲಿ. ಕುಡಿ" ಎಂದರು. ಅವನು ಕುಡಿದ. "ಇನ್ನೂ ಕುಡಿ. ಇನ್ನೂ. ಮಾಮಾನ ಮಗನ ತೂಕಕ್ಕ ಬರೂತನಕ ಕುಡಿ." ಆಮೇಲೆ ಬೆರಳೆತ್ತಿ, "ಮತ್ತ ಆ ಕಾಲ ಝಾಡಸಬ್ಯಾಡ" ಎಂದು ಹೇಳಿ, ಪಿಟಿ ಸರ್‌ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೊರಟರು.

ಮಧ್ಯಾಹ್ನ ಐಗಳಿಯವನು ಮಾಮಾನ ಮಗನ ಹೆಸರಿನಲ್ಲಿ ತೂಕಕ್ಕೆ ಬಂದ: ಎರಡು ನಂಬರಿನ ಅಂಗಿ, ಎರಡೂ ಮೊಣಕಾಲಿಗೆ ಪಟ್ಟಿ, ನೀರು ಹಚ್ಚಿ ಹಣೆಗೆ ಇಳಿಬಿಟ್ಟ ಕೂದಲು. ತಂಡದ ಫಿಸಿಯೊ ಎತ್ತರ ಅಳೆದು, ತೂಕ ನೋಡಿ, ತಲೆಯೆತ್ತದೆ ದಾಖಲೆ ಪುಸ್ತಕದಲ್ಲಿ ಬರೆದುಕೊಂಡ. ನಾನು ದೂರದಲ್ಲಿ ನಿಂತು ಮೋಡ ನೋಡುತ್ತಿದ್ದೆ. ಮೋಡ ಇರಲಿಲ್ಲ.

ಮೊದಲ ಎರಡು ರೇಡುಗಳಲ್ಲಿ ಅವನು ಬಗ್ಗುವುದೇ ಕಷ್ಟವಾಯಿತು. ಹೊಟ್ಟೆಯಲ್ಲಿ ಕೆರೆ ಇಟ್ಟುಕೊಂಡು ಯಾರ ಕಾಲಿಗೆ ಬಿದ್ದಾನು? ಇಬ್ಬರೂ ಮುಟ್ಟಿ ಹೋದರು. ಅವನ ಮುಖ ಬಿಳಿಚಿತು. ಒಂದೇ ಸಲದ ಅವಕಾಶವನ್ನು ನಾವು ಕುಡಿಸಿ ಹಾಳು ಮಾಡಿದೆವು ಎಂದುಕೊಂಡೆ. ಮೂರನೆಯ ಸಲ ಬಂದವನು ಬೆಳಗಿನ ಗುಂಪಿನ ಅತಿ ಒಳ್ಳೆಯ ರೇಡರ್. ಬೋನಸ್ ಗೆರೆಯ ಮೇಲೆ ಅವನ ಕಾಲು ಇಳಿಯುವಷ್ಟರಲ್ಲಿ ನಮ್ಮವನು ಎರಡೂ ಕೈಯಿಂದ ಹಿಮ್ಮಡಿ ಕಚ್ಚಿಕೊಂಡಿದ್ದ. ಎದ್ದು ನಿಂತ. ಬಲಗಾಲು ನಡುಗಿತು, ಸೀನು ತಡೆದವನ ಹಾಗೆ ಅದನ್ನು ನೆಲಕ್ಕೆ ಒತ್ತಿ ಹಿಡಿದ. ನಾಲ್ಕನೆಯವನನ್ನೂ ಹಿಡಿದ, ಐದನೆಯವನನ್ನೂ ಹಿಡಿದ. ಪ್ರತಿ ಸಲವೂ ಬಯಲಿನ ಅಂಚಿನಿಂದ ಟ್ರ್ಯಾಕ್ಟರಿನವನು ತನ್ನ ಹೆಸರನ್ನು ತಾನೇ ಕೂಗಿ, "ಭಲೇ! ಭಲೇ!" ಎಂದು ಚಪ್ಪಾಳೆ ತಟ್ಟುತ್ತಿದ್ದ. ಆರನೆಯದು ಕಷ್ಟದ ಹಿಡಿತ. ಆರಡಿ ಆಳು, ಗೆರೆಗೆ ಬೆರಳಿನಷ್ಟು ಅಂತರ. ಗೆದ್ದ ಖುಷಿಯಲ್ಲಿ ನಮ್ಮವನು ಎಲ್ಲ ಮರೆತು ಎದ್ದ.

ಎರಡು ಸಲ ಝಾಡಿಸಿದ.

ಕೋಚ್ ಪೆನ್ನು ನಿಂತಿತು. ಅವರು ಮ್ಯಾಟಿನ ಮೇಲಿದ್ದವನನ್ನು ನೋಡಿದರು, ಹೆಸರು ಕೂಗುತ್ತಿದ್ದವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಬೀದಿ ದೀಪ ಹತ್ತಿಕೊಂಡಿತ್ತೆಂದು ಕಾಣುತ್ತದೆ. ಕೋಚ್ ಒಂದು ದೊಡ್ಡ ಸೀನು ಸೀನಿ, ಕರವಸ್ತ್ರದಲ್ಲಿ ಬಹಳ ಹೊತ್ತು ಮುಖ ಮುಚ್ಚಿಕೊಂಡರು. ಅವರ ಹೆಗಲು ಕುಣಿಯುತ್ತಿದ್ದದ್ದು ತಂಬಾಕಿನ ಘಾಟಿಗೋ ಬೇರೆ ಯಾವುದಕ್ಕೋ, ನನಗಿನ್ನೂ ಗೊತ್ತಿಲ್ಲ.

ಸಂಜೆ ಮ್ಯಾಟ್ ಸುತ್ತುವಾಗ ಕರೆದರು.

"ನಿಮ್ಮ ವರದೀಲಿ ಗಟ್ಟಿ ನೆಲ, ಬಲಗಾಲು ಅಂತ ಏನೋ ಇತ್ತಲ್ಲ."

"ಇದೆ ಸರ್."

"ಅದನ್ನ ತೆಗೆದ್ಬಿಡಿ." ಕರವಸ್ತ್ರ ಮಡಚಿ ಜೇಬಿಗಿಟ್ಟು, "ಹಾಗೇ, ಎರಡು ಸಾಲು ಇದೆಯಲ್ಲ, ಒಂದು ಮಾಡಿ. ಕಾಲೇಜಿನ ಹೆಸರೇ ಇರ್ಲಿ" ಎಂದರು.

ಇಷ್ಟೇ ಅಂದರೋ, ಇನ್ನೂ ಏನಾದರೂ ಬೈದರೋ ನೆನಪಿಲ್ಲ. ಬೈದಿದ್ದರೆ ಮರೆತಿರುವುದು ನನಗೆ ಅನುಕೂಲವೇ. ಪಿಟಿ ಸರ್ ಅಕ್ಕೋಳದಿಂದ ಮರಳಿದ್ದು ಎಲ್ಲ ಮುಗಿದ ಮೇಲೆ, ಕೆನ್ನೆಯ ಮೇಲೆ ಚಾಪೆಯ ಗುರುತು ಹೊತ್ತುಕೊಂಡು.

ಡ್ರಾಫ್ಟಿನ ದಿನ ಚಿಕ್ಕೋಡಿಯ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ನಾನೂ ಕಾಕಾನೂ ಒಂದೇ ಫೋನಿಗೆ ಕಣ್ಣಿಟ್ಟು ಕೂತಿದ್ದೆವು. ಒಂದೊಂದೇ ಹೆಸರು ಹೋಗುತ್ತಿತ್ತು. ನಾಲ್ಕನೆಯ ಸರದಿಯಲ್ಲಿ ಒಂದು ತಂಡದವರು ದೊಡ್ಡ ತೊಡೆಯ ಆ ಒಂಬತ್ತು ನಂಬರಿನವನನ್ನು ಎತ್ತಿಕೊಂಡರು. ಕಾಕಾ ಮೀಸೆಯಲ್ಲೇ ನಕ್ಕು ಒಗ್ಗರಣೆ ಚುರುಮುರಿ ಹೇಳಿದರು. ಐಗಳಿಯವನ ಹೆಸರನ್ನು ಯಾರೂ ಮುಟ್ಟಲಿಲ್ಲ. ಬೇರೆ ತಂಡಗಳ ಹಾಳೆಗಳಲ್ಲೂ ಅವನು ಅರ್ಧವೇ ಇದ್ದ. ಇನ್ನರ್ಧ ಸದಲಗಾದ ಗುಲಾಲಿನೊಳಗಿತ್ತು. ಯಾವ ಸುಳ್ಳು ಅವನ ಅವಕಾಶವನ್ನು ಕಳೆಯಬಹುದೆಂದು ನಾವು ಹೆದರಿದ್ದೆವೋ ಅದೇ ಅವನನ್ನು ನಮ್ಮ ಸರದಿಯವರೆಗೆ ಕಾಯ್ದು ಇಟ್ಟಿತ್ತು. ಕೊನೆಯ ಸರದಿ ನಮ್ಮದು. ಹೆಸರು ಓದಿದರು. ಕಾಲೇಜಿನ ಹೆಸರೇ.

ಕಾಕಾ ಚುರುಮುರಿಯ ಕೈ ಒರೆಸಿಕೊಂಡರು. "ಹಾಂ. ಈಗ ಬಾಲ ಹಿಡದು ಕುಣಿ" ಎಂದರು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಆಟಗಾರ ಮಾತಾಡಲು ನೋಡಿದ. ಅಷ್ಟರಲ್ಲಿ ಯಾರೋ ಫೋನ್ ಕಸಿದುಕೊಂಡರು. "ಸರ್, ನಾನೂ ಆರಿಸಿ ಬಂದೇನೇನ್ರಿ?" ಎಂದು ಕೇಳಿದ ಟ್ರ್ಯಾಕ್ಟರಿನವನು.

ಇದಾಗಿ ಕೆಲವು ವರ್ಷಗಳಾದವು. ಐಗಳಿಯವನು ಈಗಲೂ ಆಡುತ್ತಾನೆ, ಎಡಗಡೆಯ ಕಾರ್ನರ್‌ನಲ್ಲಿ ನಿಂತು, ಬೇಕಾದಾಗ ರೇಡಿಗೂ ಹೋಗುತ್ತಾನೆ. ನಾನು ಕತೆ ಹೇಳುತ್ತೇನೆ. ಮೊದಲ ವರ್ಷ ಹೇಳುವಾಗ ಅವನನ್ನು ಗುರುತಿಸಿದ್ದು ಕಾಕಾ. ಎರಡನೆಯ ವರ್ಷ ಕಾಕಾನೂ ನಾನೂ. ಒಮ್ಮೆ, ಕಾಕಾ ಇಲ್ಲದ ಕಡೆ, ನಾನೊಬ್ಬನೇ. ಹಾಗೆ ಹೇಳಿಬಿಟ್ಟ ದಿನ ನನಗೆ ಹೆದರಿಕೆಯಾಯಿತು. ಇದೇ ಜಾಗ ಜಾರಿದ್ದರೆ ಬೇರೆ ಎಲ್ಲೆಲ್ಲಿ ಜಾರಿದೆಯೋ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ.

"ಮಜ್ಜಿಗಿ? ಯಾವ ಮಜ್ಜಿಗಿ?" ಎಂದರು ಕಾಕಾ. "ಆ ವರ್ಷ ನನ್ನ ಎಮ್ಮಿ ಗಬ್ಬ ಇತ್ತಲ್ಲೋ. ಹಾಲ ಇಲ್ಲದ ಮಜ್ಜಿಗಿ ಎಲ್ಲಿಂದ ಬಂದೀತು? ಕಬ್ಬಿನ ಹಾಲ ಇರಬೇಕು."

ಆಟಗಾರ, "ನೀರ ಕುಡದಿದ್ನೇನೋ ಸರ್. ಹೆದರಿಕಿ ಒಂದ ನೆನಪೈತಿ" ಎಂದ.

ಟ್ರ್ಯಾಕ್ಟರಿನವನಿಗೆ ಮಾತ್ರ ಖಾತ್ರಿ: "ಮಜ್ಜಿಗೀನರಿ. ಅರ್ಧ ನಾನ ಕುಡದೇನಿ."

ಮೂವರು ಸಾಕ್ಷಿಗಳು, ಮೂರು ಪಾನೀಯಗಳು. ಕೋಚ್‌ನನ್ನು ಕೇಳಿದೆ. ಅವರು ಸೀನಿದರು, ಅಲ್ಲಿ ತಂಬಾಕು ಇರಲಿಲ್ಲ.

ಹೋದ ಬೇಸಿಗೆಯಲ್ಲಿ, ಎಂದಿನಂತೆ, ಆ ಕೆಲಸವನ್ನೂ ಬಿಟ್ಟೆ. ಲ್ಯಾಪ್‌ಟಾಪ್ ಮರಳಿಸಲು ತಂಡದ ಕಚೇರಿಗೆ ಹೋದಾಗ, ಕಪಾಟಿನಲ್ಲಿ ಹಳೆಯ ಟ್ರಾಯಲ್ಸ್‌ಗಳ ಎತ್ತರ-ತೂಕದ ಪುಸ್ತಕಗಳು ಕಂಡವು. ಫಿಸಿಯೊನನ್ನು ಕೇಳಿ ನಿಪ್ಪಾಣಿಯ ಪುಟ ತೆಗೆದೆ. ಕ್ಯಾನು, ಕಬ್ಬು, ನೀರು ಯಾವುದರ ಬಗ್ಗೆಯೂ ಅದರಲ್ಲಿ ಒಂದಕ್ಷರವಿಲ್ಲ. ಆದರೆ ಅವನ ಎರಡೂ ಸಾಲುಗಳಿದ್ದವು, ಒಂದು ಬೆಳಗಿನ ಗುಂಪಿನಲ್ಲಿ, ಒಂದು ಮಧ್ಯಾಹ್ನದ ಗುಂಪಿನಲ್ಲಿ. ಎತ್ತರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಿಪ್ಪಾಣಿಯ ಬಿಸಿಲಲ್ಲಿ ಅರ್ಧ ದಿನ ರೇಡ್ ಹೊಡೆದು ಬೆವರು ಹರಿಸಿದ ಮೇಲೆ ಅವನ ತೂಕ ಬೆಳಗಿಗಿಂತ ಒಂದು ಕಿಲೋ ಇನ್ನೂರು ಗ್ರಾಂ ಹೆಚ್ಚಾಗಿತ್ತು.